ನಗಿಮಾರಿ ತಂದ ಚಿಕ್ಕಿ

ಆಗಿನ ಪುಣೆಯಲ್ಲಿ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ನಲ್ಲಿಗೆ ನೀರು ಬರುವ ಮೊದಲೇ ನನ್ನ ತಂಗಿ ಇಂದಿಯ ನಗು ಅಂಗಳಕ್ಕೆ ಬಂದಿರುತ್ತಿತ್ತು. ಕುಂಟಾಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡರೂ ನಗುವವಳು. ಧಾರವಾಡದ ಕಡೆಯ ನಾವು ಅವಳನ್ನು ‘ನಗಿಮಾರಿ’ ಎನ್ನುತ್ತಿದ್ದೆವು. ನೆರೆಮನೆಯ ಮರಾಠಿ ಕಾಕು ‘ಹಸರೀ’ ಎನ್ನುತ್ತಿದ್ದಳು. ಎರಡರ ಅರ್ಥವೂ ಒಂದೇ, ಸದಾ ನಗುಮುಖದವಳು. ನಾನು ಗಂಟುಮಾರಿ.

ಆ ಮಾತನ್ನು ಮನೆಯಲ್ಲಿ ಬಳಸುತ್ತಿದ್ದ ರೀತಿಯೇ ಬೇರೆ. ಹೊಸ ಲಂಗ ಒಂದೇ ಹೊಲಿಸಿದರೆ ಅದು ನನಗೆ, ತಳ ಹೊತ್ತಿದ ಹೋಳಿಗೆ ಅವಳಿಗೆ. “ಆಕಿ ನಗಿಮಾರಿ, ಏನೂ ಅನ್ನಂಗಿಲ್ಲ” ಎನ್ನುತ್ತಿದ್ದಳು ಅವ್ವ.

ಆ ಮಳೆಗಾಲ ಲೋಣಾವಳಾದಲ್ಲಿದ್ದ ಅವ್ವನ ತಂಗಿಯ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ನಮ್ಮಿಬ್ಬರಲ್ಲಿ ಒಬ್ಬಳನ್ನು ಕೆಲವು ತಿಂಗಳು ಕಳಿಸಬೇಕೆಂದು ಚಿಕ್ಕವ್ವ ಕೇಳಿದಳು. ಬಿಡದೆ ಸುರಿಯುವ ಮಳೆ, ಅಳುವ ಮನೆ. ನಾನು ಅಪ್ಪನ ಬಳಿಗೆ ಓಡಿದೆ.

“ಇಂದೀನ್ನ ಕಳಸ್ರಿ ಅಪ್ಪಾ. ನಗಿಮಾರಿ ಆಕಿ, ಎಲ್ಲಿದ್ರೂ ಖುಷೀಲೆ ಇರ್ತಾಳ” ಎಂದೆ.

ಹೊರಡುವ ಮುಂಜಾನೆ ಅವಳಿಗೆ ಹೆಳಲು ಹಾಕುತ್ತಿದ್ದೆ. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ನೆನಪಿದೆ.

“ಅಕ್ಕಾ, ನನಗ ಭಾಳ ಅಂಜಿಕಿ ಬರ್ತದ. ಅವ್ವಗ ನೀ ಹೇಳು. ನಾ ಹೇಳಿದ್ರ ಚ್ಯಾಷ್ಟಿ ಅಂತಾಳ.”

ಅದನ್ನೂ ನಗುತ್ತಲೇ ಹೇಳಿದಳು. ಅವಳ ಮುಖವೇ ಹಾಗೆ. ಒಳಗಿಂದ ಅವ್ವ, “ಏನಂತಾಳ ಆಕಿ?” ಎಂದಳು.

ಹೇಳಿದರೆ ಹೋಗುವ ಸರದಿ ನನ್ನದಾಗುತ್ತಿತ್ತು.

“ಏನಿಲ್ಲವಾ. ಬರೂ ಮುಂದ ಅಲ್ಲಿಂದ ಶೇಂಗಾ ಚಿಕ್ಕಿ ತರ್ತಾಳಂತ.”

ಅವ್ವ ನಕ್ಕಳು. ನಾನು ಹೆಳಲಿನ ತುದಿಗೆ ರಿಬ್ಬನ್ ಕಟ್ಟಿದೆ.

ದೀಪಾವಳಿ ಕಳೆದ ಮೇಲೆ ಇಂದಿ ಬಂದಳು. ತಾನು ನಕ್ಕಾಗಲೆಲ್ಲ ಆ ಮನೆಯಲ್ಲಿ ಚಿಕ್ಕವ್ವ ಸತ್ತ ಮಗಳನ್ನು ನೆನೆದು ಅಳುತ್ತಿದ್ದಳಂತೆ. ಹಾಗಾಗಿ ಇಂದಿ ನಗುವುದನ್ನೇ ಬಿಟ್ಟಿದ್ದಳು. ಗಂಟಿನಿಂದ ಶೇಂಗಾ ಚಿಕ್ಕಿ ತೆಗೆದು ನನ್ನ ಕೈಗಿಟ್ಟಳು.

“ತರ್ತೀನಂತ ನೀ ಹೇಳಿದ್ದಿ ಅಲ್ಲ? ತಗೋ.”

ಅವಳು ಒಂದು ತುಣುಕನ್ನೂ ಮುಟ್ಟಲಿಲ್ಲ. ನಾನು ತಿಂದೆ, ಪೂರ್ತಿ.

ಮುಂದೆ ಇಂದಿಗೆ ಮಗಳು ಹುಟ್ಟಿದಳು. ತೊಟ್ಟಿಲಲ್ಲಿ ಕೂಸು ನಗುವುದನ್ನು ಕಂಡು, “ನಗಿಮಾರಿ ಆಗ್ತದ ನೋಡು” ಎಂದುಬಿಟ್ಟೆ. ಇಂದಿ ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು.

“ಹಂಗ ಕರೀಬ್ಯಾಡಕ್ಕಾ. ನಾಳೆ ಅತ್ತರ ಯಾರೂ ನಂಬೂದಿಲ್ಲ.”

ವಾಡೆಯ ಅಂಗಳದ ಆ ನಗುವನ್ನು ನಾನು ಮತ್ತೆ ಕೇಳಲಿಲ್ಲ. ಅವ್ವನೂ ಹೋದಳು. ಅವಳಿಗೆ ಹೇಳೆಂದು ಇಂದಿ ಒಪ್ಪಿಸಿದ ಮಾತು ಇನ್ನೂ ನನ್ನ ಬಾಯಲ್ಲೇ ಇದೆ.