ಕೆ ಪಕ್ಕದ ಎಚ್

ಇಂಗ್ಲಿಷಿನ ಒಂಟಿ ಅಕ್ಷರಗಳನ್ನು ನಾನು ಯಾವತ್ತೂ ಅಷ್ಟಾಗಿ ನಂಬಿದವನಲ್ಲ. ಎಲ್ ಎಂಬುದು ಅಂಗಿಯ ಕೊರಳಪಟ್ಟಿಯಲ್ಲಿದ್ದರೆ ದೊಡ್ಡ ಮೈಯವರಿಗೆ. ಕಾರಿನ ಹಿಂದಿದ್ದರೆ, ಓಡಿಸುವವರು ಇನ್ನೂ ಕಲಿಯುತ್ತಿದ್ದಾರೆ, ದೂರವಿರಿ ಎಂದು. ಎಚ್ ಎಂದರೆ ಪೆನ್ಸಿಲಿನ ಮೇಲೆ ಗಟ್ಟಿ ಸೀಸ, ಲಾಡ್ಜಿನ ನಲ್ಲಿಯ ಮೇಲೆ ಬಿಸಿನೀರು. ತಿರುಗಿಸಿದರೆ ಬರುವುದು ತಣ್ಣೀರೇ, ಆ ಮಾತು ಬೇರೆ. ಇಂಥ ನನ್ನನ್ನು ಕಳೆದ ತಿಂಗಳು ಒಂದು ಎಚ್ ನಡುಗಿಸಿಬಿಟ್ಟಿತು.

ಹೋಳೂರಿನಲ್ಲಿ ಟೊಮೆಟೊ ಬೆಳೆಯುವ ನಮ್ಮಕ್ಕ ರತ್ನಮ್ಮ, ಸುಸ್ತು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೋಲಾರದ ನಮ್ಮ ಮನೆಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಬರೆದುಕೊಟ್ಟರು. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ರಿಪೋರ್ಟು ಫೋನಿಗೆ ಬಂತು. ಕೆ ಎಂಬ ಅಕ್ಷರ, ಅದರ ಮುಂದೊಂದು ಅಂಕಿ, ಅಂಕಿಯ ಪಕ್ಕ ಕೆಂಪು ಬಣ್ಣದ ಎಚ್. ಎಚ್ ಅಂದರೆ ಹೆಚ್ಚು ಎಂದು ಊಹಿಸಿದೆ. ಆದರೆ ಹೆಚ್ಚಾದದ್ದು ಏನು? ನನಗೆ ಗೊತ್ತಿದ್ದ ಕೆ, ಇಸ್ಪೀಟಿನ ರಾಜ ಒಬ್ಬನೇ.

ನಾಲ್ಕನೇ ಕ್ಲಾಸು ಓದಿದ ಅಕ್ಕ, ಬಿ.ಎ. ಓದಿದ ನನಗೆ ಬಿಡಿಸಿ ಹೇಳಿದಳು.

"ಕೆ ಅಂದ್ರೆ ಪೊಟ್ಯಾಷ್ ಕಣೋ. ಗೊಬ್ಬರದ ಮೂಟೆ ಮೇಲೆ ಎನ್, ಪಿ, ಕೆ ಅಂತ ಬರ್ದಿರ್ತಾರಲ್ಲ."

ಫೋನಿನಲ್ಲಿ ಹುಡುಕಿದೆ. ಅವಳು ಹೇಳಿದ್ದು ನಿಜ. ಅದು ರಕ್ತದಲ್ಲಿ ಅಷ್ಟು ಏರಿದರೆ ಹೃದಯವೇ ನಿಲ್ಲಬಹುದೆಂದೂ ಅಲ್ಲಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನ್ನ ಮುಖ ಹೇಳಿರಬೇಕು.

"ಗಿಡಕ್ಕೆ ಜಾಸ್ತಿ ಆದ್ರೆ ಎಲೆ ಅಂಚು ಸುಡ್ತದೆ. ಮನುಷ್ಯರಿಗೆ ಏನಾಗ್ತದೋ?" ಎಂದಳು ಅಕ್ಕ.

ನಾನು ಆಟೊ ಕರೆದೆ. ದಾರಿಯಲ್ಲಿ ಅವಳು, ತನಗೇನಾದರೂ ಆದರೆ ಹಸುಗಳನ್ನು ಸೊಸೆಗೇ ಬಿಡಬೇಕು, ಮಗನ ಕೈಗೆ ಸಿಕ್ಕರೆ ಮಾರಿಬಿಡುತ್ತಾನೆ ಎಂದಳು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು, ಏನೂ ಆಗಲ್ಲ ಬಿಡು ಎಂದು ತೆಲುಗಿನಲ್ಲಿ ನನಗೇ ಧೈರ್ಯ ಹೇಳಿದಳು. ತೀರಾ ಭಯವಾದಾಗ ಮಾತ್ರ ಅಕ್ಕ ನನ್ನ ಹತ್ತಿರ ತೆಲುಗಿಗೆ ಹೊರಳುತ್ತಾಳೆ.

ಡಾಕ್ಟರು ತಕ್ಷಣ ಇಸಿಜಿ ಮಾಡಿಸಿ, ಮತ್ತೆ ರಕ್ತ ತೆಗೆಸಿದರು. ಒಂದು ಗಂಟೆ ಬೆಂಚಿನ ಮೇಲೆ ಕೂತೆವು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಹಲಗೆ ಇತ್ತು. ಅದರ ತುಂಬಾ ಅಕ್ಷರಗಳೇ. ನಾನು ಮುಖ ತಿರುಗಿಸಿಕೊಂಡೆ.

ಕೊನೆಗೆ ಡಾಕ್ಟರು ಒಳಗೆ ಕರೆದು, "ಮೊದಲ್ನೇ ಸಲ ತೆಗೆದ ರಕ್ತ ಟ್ಯೂಬಿನಲ್ಲೇ ಕೆಟ್ಟಿತ್ತಮ್ಮ, ಅದಕ್ಕೇ ಹಂಗೆ ತೋರಿಸ್ತು. ನಿಮ್ಮ ಹೃದಯ ಗಟ್ಟಿಯಾಗಿದೆ" ಎಂದರು. ಮೈಯಲ್ಲಿ ರಕ್ತ ಕಡಿಮೆ ಇದೆ, ಸುಸ್ತು ಅದರಿಂದಲೇ ಎಂದು ಮಾತ್ರೆ ಬರೆದುಕೊಟ್ಟರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆಯಾ ಎಂದು ಕೇಳಿದಳು.

ಬಸ್ ಸ್ಟ್ಯಾಂಡಿನಲ್ಲಿ ಕೂತು ಹೊಸ ರಿಪೋರ್ಟು ತೆರೆದೆ. ಕೆ ಇತ್ತು, ಮುಂದೆ ಅಂಕಿ ಇತ್ತು, ಅದರ ಪಕ್ಕದ ಜಾಗ ಖಾಲಿ. ಅಲ್ಲೇ ಕಣ್ಣು ನೆಟ್ಟು ಕೂತಿದ್ದ ನನ್ನ ಕಡೆ ಅಕ್ಕ ಬಗ್ಗಿ ನೋಡಿದಳು.

"ಅಲ್ಲೇನೂ ಬರ್ದೇ ಇಲ್ವಲ್ಲೋ. ಅಷ್ಟೊತ್ತಿಂದ ಏನ್ ಓದ್ತಿದ್ದೀಯ?"

"ಅದನ್ನೇ ಓದ್ತಿದ್ದೀನಕ್ಕ" ಎಂದೆ.