ಬಯಕೆಗೆ ಕೇಳಿದ್ದು

ಸಭಾಂಗಣದ ಮ್ಯಾನೇಜರು ಗೋಡೆ ಕ್ಯಾಲೆಂಡರಿನ ಒಂದು ಭಾನುವಾರದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಮುಂಗಡ ಕೊಟ್ಟವರ ದಿನಕ್ಕೆ ಕೆಂಪು ಪೆನ್ನು, ಬಾಯಿಮಾತಿನವರಿಗೆ ಪೆನ್ಸಿಲು. ನನ್ನ ಸೋದರಮಾವ ಬಗ್ಗಿ ಆ ಗೆರೆಯನ್ನು ನೋಡಿ, "ನಾಡಿದ್ದು ಬಂದು ಕೆಂಪು ಮಾಡಿ ಹೋಗ್ತೇನೆ" ಎಂದರು.

ನನಗೆ ಆಗ ಆರು ತಿಂಗಳು ನಡೆಯುತ್ತಿತ್ತು. ಗೆರೆ ಎಳೆದ ಭಾನುವಾರ ನನ್ನ ಬಯಕೆ. ಸೀಮಂತಕ್ಕೆ ನಮ್ಮ ತುಳು ಮನೆಗಳಲ್ಲಿ ಹೇಳುವುದೇ ಹಾಗೆ. ಬಸುರಿಯ ಬಾಯಿಗೆ ಬೇಕೆನಿಸುವುದಕ್ಕೂ ಅದೇ ಶಬ್ದ, ಅವಳಿಗೆ ಹಸಿರು ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಕೂರಿಸಿ, ಬಂದವರಿಗೆಲ್ಲ ಊಟ ಹಾಕುವುದಕ್ಕೂ ಅದೇ ಶಬ್ದ.

ಮಾವನದು ಊಟದ ಹೋಟೆಲು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಖರ್ಚುಗಳಿಗೆ ಅವರೇ ನಿಲ್ಲುತ್ತಿದ್ದರು. ನನ್ನ ಮದುವೆಯ ಊಟ ಅವರದು, ಬಯಕೆಯ ಹಾಲ್ ಮತ್ತು ಊಟವೂ ಅವರದೇ ಎಂದು ನನ್ನನ್ನು ಕೇಳುವ ಮೊದಲೇ ತೀರ್ಮಾನವಾಗಿತ್ತು. ಹೆರಿಗೆಯ ಮಾತು ಮಾತ್ರ ಯಾರೂ ಎತ್ತಿರಲಿಲ್ಲ. ಅದಕ್ಕೆ ಇನ್ಶೂರೆನ್ಸ್ ಇದೆ ಎಂದು ಎಲ್ಲರೂ ತಿಳಿದಿದ್ದರು. ಮೂರನೇ ತಿಂಗಳವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ನನ್ನ ಗಂಡ ಪಂಪ್‌ವೆಲ್ ಹತ್ತಿರದ ಒಂದು ಟಯರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಂಗಡಿಯವರು ಮಾಡಿಸಿಕೊಟ್ಟ ಪಾಲಿಸಿಯಲ್ಲಿ ಇಬ್ಬರ ಹೆಸರೂ ಇತ್ತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಾಠ ಮಾಡಿದ ಗಂಟೆಗಳಿಗಷ್ಟೇ ಸಂಬಳ, ಹೆರಿಗೆ ರಜೆ ಎಂಬುದಿಲ್ಲ. ಬಿಜೈಯ ವಿಮಾ ಕಚೇರಿಗೆ ನಾನೊಬ್ಬಳೇ ಹೋಗಿ ವಿಚಾರಿಸಿದೆ. ಅಲ್ಲಿನ ಅಧಿಕಾರಿ ಸೌಮ್ಯವಾಗಿಯೇ ಹೇಳಿದರು.

"ಹೆರಿಗೆ ಇದರಲ್ಲಿ ಬರುವುದಿಲ್ಲ ಮೇಡಂ. ಭ್ರೂಣ ಗರ್ಭಕೋಶದ ಹೊರಗೆ ಬೆಳೆದ್ರೆ ಮಾತ್ರ ಕೊಡ್ತೇವೆ."

"ಒಳಗೆ ಬೆಳೆದ್ರೆ?"

"ಒಳಗೆ ಬೆಳೆದ್ರೆ ಒಳ್ಳೆಯದಲ್ವಾ ಮೇಡಂ" ಎಂದು ನಕ್ಕರು. ನಗು ಬರಬೇಕಾದ ಮಾತೇ ಅದು. ನಾನು ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದೆ.

ವಿಷಯವನ್ನು ಗಂಡನಿಗೆ ಮತ್ತು ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ನಮ್ಮ ಮನೆಯ ಕೊರತೆಯನ್ನು ಇನ್ನೊಬ್ಬರ ಜಗಲಿಯಲ್ಲಿ ಮಾತಾಡುವುದು ನನಗೆ ಆಗುವುದಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು: "ಚೊಚ್ಚಲ ಹೆರಿಗೆ ತವರಿನದ್ದು. ನಾನು ನೋಡ್ತೇನೆ." ಹೇಳುವಾಗ ಬಲಗೈಯ ಬೆರಳು ಎಡಗೈಯ ಬಳೆಗಳ ಮೇಲಿತ್ತು. ಅವರಲ್ಲಿ ಉಳಿದಿದ್ದ ಚಿನ್ನ ಅಷ್ಟೇ.

ಸರಕಾರಿ ಆಸ್ಪತ್ರೆ ಇತ್ತು. ನಾನೇ ಅಲ್ಲಿ ಹುಟ್ಟಿದವಳು, ಅದರ ಬಗ್ಗೆ ದೂರಿಲ್ಲ. ಆದರೆ ಇದು ನನ್ನ ಎರಡನೆಯ ಬಸುರು. ಮೊದಲನೆಯದು ನಾಲ್ಕನೇ ತಿಂಗಳಲ್ಲಿ ಹೋಗಿತ್ತು. ಆ ದಿನ ನನ್ನ ಪಕ್ಕದಲ್ಲಿ ಕುಳಿತಿದ್ದ ಡಾಕ್ಟರು ಖಾಸಗಿ ಆಸ್ಪತ್ರೆಯವರು. ಈ ಸಲವೂ ಅವರೇ ಬೇಕಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ಅವರ ಕೈಯಲ್ಲಿ ಹೆರಬೇಕು, ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರಬೇಕು. ನಮ್ಮಿಬ್ಬರ ಉಳಿತಾಯ ಅದರ ಅರ್ಧ ದಾರಿಗೆ ಸಾಕಾಗುತ್ತಿತ್ತು.

ಸಭಾಂಗಣ ನೋಡಿ ಬಂದ ಮರುದಿನ ಸಂಜೆ ದೇರೆಬೈಲಿನ ಅಮ್ಮನ ಮನೆಯಲ್ಲಿ ಊಟದ ಮಾತುಕತೆ. ಮಾವ, ದೊಡ್ಡಮ್ಮ, ಅಮ್ಮ, ನಾನು. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪಾಯಸ ಎರಡು ಇರಲಿ" ಎಂದರು ಮಾವ.

"ಪಾಯಸ ಯಾರು ತಿನ್ನುದು ಮಾರಾಯ? ಐಸ್‌ಕ್ರೀಮ್ ಕೌಂಟರ್ ಇಡು. ಅದಿಲ್ಲದಿದ್ರೆ ಮಕ್ಕಳು ಅಳ್ತಾರೆ, ದೊಡ್ಡವರು ಅದಕ್ಕಿಂತ ಜಾಸ್ತಿ ಅಳ್ತಾರೆ." ಇದು ದೊಡ್ಡಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಬಾಯಿಗೆ ಎಂತ ಬೀಗ ಹಾಕಿದ್ದಾ? ನಿನ್ನದೇ ಬಯಕೆ ಮಾರಾಯ್ತಿ. ಎಂತ ಬೇಕು ಹೇಳು. ಬಸುರಿ ಕೇಳಿದ್ದು ಕೊಡದಿದ್ರೆ ಮಗುವಿನ ಕಿವಿ ಸೋರ್ತದೆ."

"ಹೌದು, ಹೇಳು ಮಗಾ" ಎಂದರು ಮಾವ. "ಈ ಊರಲ್ಲಿ ಸಿಗದಿದ್ರೆ ದುಬಾಯಿಯಿಂದ ತರಿಸುವ."

ನಾನು ಮೊದಲೇ ಯೋಚಿಸಿಟ್ಟ ಮಾತಲ್ಲ ಅದು. ಅವರು ಕೇಳಿದ ಶಬ್ದವೇ ನನಗೆ ಬಾಗಿಲು ತೆರೆಯಿತು.

"ನನ್ನ ಬಯಕೆ ಹೇಳಿದ್ರೆ ಕೊಡ್ತೀರಾ ಮಾವ?"

"ಕೇಳಿ ನೋಡು."

"ಹಾಲ್ ಬೇಡ. ಹಾಲಿಗೂ ಊಟಕ್ಕೂ ಇಟ್ಟ ಹಣ ನನಗೆ ಹೆರಿಗೆಗೆ ಬೇಕು."

ಅಮ್ಮ ತಲೆ ತಗ್ಗಿಸಿದರು. ದೊಡ್ಡಮ್ಮ ಬಾಯಿಗೆ ಒಯ್ದ ಚಕ್ಕುಲಿಯನ್ನು ಹಾಗೆಯೇ ಹಿಡಿದುಕೊಂಡರು.

"ಇನ್ಶೂರೆನ್ಸ್ ಉಂಟಲ್ಲ ನಿಮಗೆ?" ಎಂದರು ಮಾವ.

"ಹೆರಿಗೆಗೆ ಇಲ್ಲ."

"ಮತ್ತೆ ಎಂತಕ್ಕೆ ಉಂಟು?"

"ಡೆಂಗಿ ಬಂದ್ರೆ, ಬಿದ್ದು ಕಾಲು ಮುರಿದ್ರೆ."

"ಹೆರುದಕ್ಕೆ ಆಸ್ಪತ್ರೆಗೆ ಹೋಗಿ ಅಲ್ಲಿ ಕಾಲು ಮುರಿದುಕೊಳ್ಬೇಕಾ?" ಎಂದು ರೇಗಿದರು. ರೇಗಿದ್ದು ನನ್ನ ಮೇಲಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮತ್ತೆ ತಗ್ಗಿದ ಸ್ವರದಲ್ಲಿ, "ಆದ್ರೆ ಜನ ಎಂತ ಹೇಳ್ತಾರೆ? ಸೋದರಸೊಸೆಗೆ ಒಂದು ಹಾಲ್ ಮಾಡ್ಲಿಕ್ಕೆ ಆಗ್ಲಿಲ್ಲ ಅಂತ ಅಲ್ವಾ?"

"ಸೊಸೆಯ ಬಯಕೆ ತೀರಿಸಿದ್ರು ಅಂತ ಹೇಳ್ತಾರೆ ಮಾವ."

ದೊಡ್ಡಮ್ಮ ಮೊದಲು ನಕ್ಕರು. "ಸಿಕ್ಕಿಬಿದ್ದೆಯಲ್ಲ ಮಾರಾಯ! ಈಗ ಕೊಡದಿದ್ರೆ ಮಗುವಿನದ್ದಲ್ಲ, ನಿನ್ನ ಕಿವಿ ಸೋರ್ತದೆ. ಮಾತೇ ಆಡದ ಹುಡುಗಿ ಹೇಗೆ ಹಿಡಿದಳು ನೋಡು!" ಮಾವನೂ ನಕ್ಕರು. ಅಮ್ಮ ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾವ ಒಪ್ಪಿದ ಮೇಲೆ ಅರ್ಧಕ್ಕೆ ನಿಲ್ಲುವವರಲ್ಲ. ಮರುವಾರ ನಮ್ಮ ಜೊತೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೂ ಬಂದರು. ಅಲ್ಲಿದ್ದ ಹೆಂಗಸು ಪ್ಯಾಕೇಜ್ ಎಂದಾಗ ಅವರೊಳಗಿನ ಹೋಟೆಲಿನವರು ಎದ್ದು ಕೂತರು.

"ನಮ್ಮಲ್ಲಿ ಊಟ ಅಂದ್ರೆ ಅನ್ನ, ಸಾರು, ಎರಡು ಪಲ್ಯ, ಮಜ್ಜಿಗೆ. ಮೀನು ಫ್ರೈ ಬೇರೆ ಬಿಲ್ಲು. ನಿಮ್ಮ ಪ್ಯಾಕೇಜಿನಲ್ಲಿ ಎಂತ ಎಂತ ಉಂಟು? ಮೀನು ಫ್ರೈ ಯಾವುದು?"

ಆಕೆ ಬಾಯಿಗೆ ಕೈಯಡ್ಡ ಹಿಡಿದು ನಕ್ಕು, ಒಂದೊಂದನ್ನೇ ಬಿಡಿಸಿ ಹೇಳಿದರು. ಅರಿವಳಿಕೆಯ ಡಾಕ್ಟರ ಫೀಸು ಒಳಗೆ, ರಕ್ತ ಬೇಕಾದರೆ ಹೊರಗೆ. ಸಿಸೇರಿಯನ್ ಆದರೆ ಬೇರೆ ದರ. ಮಗುವನ್ನು ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇಟ್ಟರೆ ಅದು ಪೂರ್ತಿ ಹೊರಗೆ. ನಾನು ಎರಡು ಹಾಸಿಗೆಯ ಕೋಣೆ ಆರಿಸಿದೆ. ಮಾವ ಒಂಟಿ ಕೋಣೆ ಎಂದರು. "ಬಯಕೆ ನನ್ನದು" ಎಂದೆ. ಮಾವ ಎರಡು ಹಾಸಿಗೆಯದ್ದನ್ನೇ ಬರೆಸಿದರು.

ಬಯಕೆಯೂ ಆಯಿತು, ಅಮ್ಮನ ಮನೆಯ ಅಂಗಳದಲ್ಲಿ, ಹತ್ತಿರದವರು ಮಾತ್ರ. ಹೋಟೆಲಿನ ಭಟ್ಟರು ಮೂರು ಒಲೆ ಹೂಡಿ ಬಡಿಸಿದರು. ಬಂದವರಿಗೆಲ್ಲ ಮಾವನೇ ಗೇಟಿನಲ್ಲಿ ನಿಂತು ಹೇಳುತ್ತಿದ್ದರು: "ಹಾಲಲ್ಲೇ ಮಾಡುದು ಅಂತಿದ್ದೆವು. ಆದ್ರೆ ಸೊಸೆಯ ಬಯಕೆ ಬೇರೆ ಇತ್ತು." ಹೇಳುವಾಗ ಅವರ ಸ್ವರ ಸಭಾಂಗಣದ ಮೈಕಿನಷ್ಟೇ ದೊಡ್ಡದಿತ್ತು. ದೊಡ್ಡಮ್ಮ ಐಸ್‌ಕ್ರೀಮ್ ತರಿಸಿಯೇ ಬಿಟ್ಟಿದ್ದರು.

ಹೆರಿಗೆ ಒಂದು ಮಧ್ಯಾಹ್ನ. ನೋವು ಬಂದು ನಿಂತಿತು, ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರು ನನ್ನ ಹಣೆಯ ಮೇಲೆ ಕೈಯಿಟ್ಟು, "ಆಪರೇಷನ್ ಮಾಡುವ, ಕಾಯುವುದು ಬೇಡ" ಎಂದರು. ಆ ಹೊತ್ತಿನಲ್ಲಿ ಹಣದ ಯೋಚನೆ ನನ್ನನ್ನು ಮುಟ್ಟಲಿಲ್ಲ. ಹೂಂ ಎಂದೆ, ಅಷ್ಟೇ. ಆ ಹೂಂ ಅನ್ನು ಹಿಂದೆಮುಂದೆ ನೋಡದೆ ಹೇಳುವುದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಹುಟ್ಟಿದ ಕೂಡಲೇ ಅತ್ತಳು. ಹೆಣ್ಣು.

ಮನೆಗೆ ಹೊರಡುವ ದಿನ ಕೌಂಟರಿಗೆ ನಾನೇ ಹೋಗುತ್ತೇನೆಂದು ಹಟ ಮಾಡಿದೆ. ಹೊಲಿಗೆ ಎಳೆಯುತ್ತಿತ್ತು, ಗಂಡನ ತೋಳು ಹಿಡಿದು ನಿಧಾನವಾಗಿ ನಡೆದೆ. ಸಿಸೇರಿಯನ್ನಿನ ದರ, ರಕ್ತ ಕಾದಿರಿಸಿದ್ದಕ್ಕೆ ಬೇರೆ, ಎಲ್ಲವೂ ಸೇರಿ ನಮ್ಮ ಕೈಯಲ್ಲಿದ್ದುದರೊಳಗೇ ಮುಗಿಯಿತು. ಹಿಂತಿರುಗಿ ನೋಡಿದರೆ ಅಮ್ಮ ಲಿಫ್ಟಿನ ಪಕ್ಕ ನಿಂತು ಮೊಮ್ಮಗಳನ್ನು ತೂಗುತ್ತಿದ್ದರು, ಬಳೆಗಳು ಸದ್ದು ಮಾಡುತ್ತಿದ್ದವು. ನಾನು ಎಂದೂ ಜೋರಾಗಿ ನಗುವವಳಲ್ಲ. ಅಂದು ನಕ್ಕೆ, ಹೊಲಿಗೆ ನೋಯುವಷ್ಟು.

ಮರುದಿನ ಬೆಳಿಗ್ಗೆ ಮಗು ಹಾಲು ಕುಡಿದು ಮಲಗಿದ ಮೇಲೆ ಫೋನ್ ತೆಗೆದುಕೊಂಡೆ. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕಿಯರ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ಅಲ್ಲಿಯವರೆಗೆ ಬರೆದದ್ದು ಪರೀಕ್ಷೆಯ ವೇಳಾಪಟ್ಟಿಗಳನ್ನು ಮಾತ್ರ. ಅಂದು ಬರೆದೆ: ಹೆಣ್ಣು ಮಗು, ಇಬ್ಬರೂ ಕ್ಷೇಮ. ನಮ್ಮ ಪಾಲಿಸಿಯಲ್ಲಿ ಹೆರಿಗೆ ಇರಲಿಲ್ಲ, ನಿಮ್ಮದರಲ್ಲಿ ಇದೆಯೇ ಎಂದು ಈಗಲೇ ಕೇಳಿ ನೋಡಿ. ಕೆಳಗೆ, ಕೌಂಟರಿನಲ್ಲಿ ಮೊದಲೇ ಏನೇನು ವಿಚಾರಿಸಬೇಕು ಎಂಬುದನ್ನೂ ನಾವು ಕಟ್ಟಿದ ಒಟ್ಟು ಮೊತ್ತವನ್ನೂ ಕೊನೆಯ ರೂಪಾಯಿಯವರೆಗೆ ಹಾಕಿದೆ. ಒಮ್ಮೆ ಓದಿ ಕಳುಹಿಸಿದೆ.