ಸಣ್ಣ ಬೆಳಕಿನ ಮೇಸ್ತ್ರಿ

ಲಿಫ್ಟ್ ಮೇಸ್ತ್ರಿಯ ಜೇಬಿನಲ್ಲಿ ಇಪ್ಪತ್ತು ವರ್ಷದಿಂದ ಬೆರಳುದ್ದದ ಟಾರ್ಚು ಇದ್ದೇ ಇತ್ತು. ಟಾರ್ಚುಗಳು ಎಷ್ಟೋ ಬದಲಾದವು, ಅವನ ಉಪದೇಶ ಮಾತ್ರ ಬದಲಾಗಲಿಲ್ಲ. ಗುಂಡಿ ಒಮ್ಮೆ ಒತ್ತಿದರೆ ಸಣ್ಣ ಬೆಳಕು, ಮೂವತ್ತು ಗಂಟೆ ಬಾಳುತ್ತದೆ. ಎರಡು ಸಲ ಒತ್ತಿದರೆ ನಡುವಿನದು, ಆರು ಗಂಟೆ. ಮೂರು ಸಲ ಒತ್ತಿದರೋ, ಹಗಲನ್ನೇ ಮಾಡಿ ತೋರಿಸಿ, ಕೈ ಸುಟ್ಟು, ಮುಕ್ಕಾಲು ಗಂಟೆಯಲ್ಲಿ ಕಣ್ಣು ಮುಚ್ಚುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ" ಎಂದು ಜೊತೆಯಲ್ಲಿ ಕೆಲಸ ಮಾಡುವ, ಸದಾ ಮೂರು ಸಲವೇ ಒತ್ತುವ ಭಾವಮೈದುನನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. ಎರಡು ಮಕ್ಕಳ ತಂದೆಯಾದ ಆ ಭಾವಮೈದುನನಿಗೆ ಅವನಿಟ್ಟ ಹೆಸರು 'ಮುಕ್ಕಾಲು ಗಂಟೆ ಸೂರ್ಯ'.

ಅದು ಬರೀ ಜಿಪುಣತನವಲ್ಲ. ಲಿಫ್ಟನ್ನು ಎಳೆಯುವ, ಎಣ್ಣೆ ಮೆತ್ತಿದ ಉಕ್ಕಿನ ಹಗ್ಗದ ಮೇಲೆ ಜೋರು ಬೆಳಕು ಬಿದ್ದರೆ ಹಗ್ಗವೆಲ್ಲ ಫಳಫಳ ಹೊಳೆದು ಹರಿದ ಎಳೆ ಮುಚ್ಚಿಹೋಗುತ್ತದೆ. ಓರೆಯಾಗಿ ಬಿಟ್ಟ ಮಂದ ಬೆಳಕಿನಲ್ಲಿ ಕೂದಲಿನಂಥ ಎಳೆಗೂ ನೆರಳು ಬೀಳುತ್ತದೆ. ಆ ನೆರಳು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಪಾಸಣೆ ಪುಸ್ತಕದಲ್ಲಿ 'ಹಗ್ಗ ಸರಿಯಿದೆ' ಎಂದು ಅವನು ರುಜು ಹಾಕಿದರೆ ಏಳು ಮಹಡಿಯ ಕಟ್ಟಡದ ಜನ ನಿಶ್ಚಿಂತೆಯಿಂದ ಹತ್ತಿ ಇಳಿಯುತ್ತಿದ್ದರು.

ಒಂದು ವರ್ಷದಿಂದ ಅವನಿಗೆ ಒಂದು ಒತ್ತು ಸಾಲದಾಯಿತು. ಎರಡಾಯಿತು, ಮೂರಾಯಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಬ್ಯಾಟರಿ ಕೈಕೊಡುತ್ತಿತ್ತು. "ಈಗಿನ ಬ್ಯಾಟರಿಗಳಿಗೆ ದಮ್ಮೇ ಇಲ್ಲ" ಎಂದು ಬೈಯುತ್ತ, ಇನ್ನೂ ಮೂರನ್ನು ಜೇಬಿನಲ್ಲಿ ಹೊತ್ತು ತಿರುಗಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೆಂಡತಿ ಎರಡು ಸಲ, "ಕಣ್ಣು ತೋರಿಸ್ಕೊಂಡು ಬರೋಣ ಬನ್ರೀ" ಎಂದಳು.

"ಕಣ್ಣಿಗೇನಾಗಿದೆ? ಟಾರ್ಚು ಸರಿಯಿಲ್ಲ" ಎಂದು ಅವಳ ಬಾಯಿ ಮುಚ್ಚಿಸಿದ. ಒಳಗೆ ಭಯವಿತ್ತು. ಕಣ್ಣು ಹೋದ ಲಿಫ್ಟ್ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕೊನೆಗೆ ಟಾರ್ಚನ್ನು ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ಮೀಟರ್ ಹಚ್ಚಿ ನೋಡಿ, "ಬ್ಯಾಟರಿ ಹೊಸದರ ಥರಾನೇ ಇದೆ ಯಜಮಾನ್ರೇ. ಸದಾ ಜೋರಲ್ಲೇ ಇಟ್ರೆ ಇನ್ನೇನಾಗುತ್ತೆ?" ಎಂದ. ಮೇಸ್ತ್ರಿ ಅದನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಏಳು ಮಹಡಿಯ ಆ ಕಟ್ಟಡದಲ್ಲಿ ತಿಂಗಳ ತಪಾಸಣೆ. ಲಿಫ್ಟಿನ ನೆತ್ತಿಯ ಮೇಲೆ ನಿಂತು ಮೂರು ಸಲ ಒತ್ತಿದ. ಹಗ್ಗ ಬೆಳ್ಳಗೆ ಹೊಳೆಯಿತು, ಅಷ್ಟೇ. ಟಾರ್ಚನ್ನು ಆರಿಸಿ ಭಾವಮೈದುನನ ಕಡೆ ಚಾಚಿದ.

"ಇವತ್ತು ನೀನು ನೋಡು."

ಭಾವಮೈದುನ ಅಚ್ಚರಿಯಿಂದಲೇ ತೆಗೆದುಕೊಂಡು ಹಗ್ಗದ ಉದ್ದಕ್ಕೂ ಬೆಳಕು ಹರಿಸಿದ. ಒಂದು ಕಡೆ ಅವನ ಕೈ ನಿಂತಿತು.

"ಭಾವ, ಇಲ್ಲಿ ಎಳೆ ಹರಿದಿದೆ. ಒಂದಲ್ಲ, ಒಂಬತ್ತು. ಹರಿದ ಕಡೆ ತುಕ್ಕೂ ಹಿಡಿದಿದೆ."

ತುಕ್ಕು ಹಿಡಿದಿದೆಯೆಂದರೆ ಹರಿದು ತಿಂಗಳುಗಳೇ ಆಗಿವೆ. ಆ ತಿಂಗಳುಗಳ ಪುಟದಲ್ಲೆಲ್ಲ ಇದ್ದದ್ದು ಮೇಸ್ತ್ರಿಯ ರುಜು.

"ಎಷ್ಟು ಬೆಳಕಲ್ಲಿ ನೋಡ್ದೆ?"

"ಸಣ್ಣದರಲ್ಲೇ ಭಾವ. ನೀವೇ ಹೇಳಿಕೊಟ್ಟಿದ್ದಲ್ವಾ?"

ಮೇಸ್ತ್ರಿ ಕೆಳಗಿಳಿದ. ಲಿಫ್ಟ್ ಬಂದ್ ಮಾಡಿಸಿ, ಪುಸ್ತಕ ತೆರೆದು, 'ಹಗ್ಗ ಬದಲಿಸಬೇಕು' ಎಂದು ಬರೆದ. ಯಾರೂ ಕೇಳದಿದ್ದರೂ ಅದರ ಕೆಳಗೆ, 'ಹಿಂದಿನ ತಿಂಗಳುಗಳಲ್ಲಿ ನನಗೆ ಕಂಡಿರಲಿಲ್ಲ' ಎಂದೂ ಬರೆದು ರುಜು ಹಾಕಿದ. ಅದೇ ತನ್ನ ಕೊನೆಯ ರುಜು ಎಂದು ಅವನಿಗೆ ಗೊತ್ತಿತ್ತು.

ಭಾವಮೈದುನ ಟಾರ್ಚು ವಾಪಸು ಕೊಡಲು ಬಂದ.

"ನಿನ್ನ ಹತ್ರಾನೇ ಇರಲಿ" ಎಂದ ಮೇಸ್ತ್ರಿ. "ವಾರಕ್ಕೊಂದ್ಸಲ ಚಾರ್ಜ್ ಮಾಡು. ನಿನಗೆ ಸಾಕಾಗುತ್ತೆ."